ಮುಕ್ಕಾಲು ಮಿಲಿಮೀಟರ್ ಕಟ್ಟಿಗೆ

ಬೆಳಗಾವಿಯ ಶಹಾಪುರದಲ್ಲಿ ನಾನು ಕೆಲಸ ಮಾಡುವ ವಾದ್ಯ ದುರಸ್ತಿಯ ಅಂಗಡಿಗೆ ಮೊದಲೆಲ್ಲ ಹಾರ್ಮೋನಿಯಂ, ತಬಲಾಗಳೇ ಹೆಚ್ಚಾಗಿ ಬರುತ್ತಿದ್ದವು; ಈಗ ಗಿಟಾರುಗಳೂ ಸಾಲುಗಟ್ಟುತ್ತವೆ. ತಂತಿಯನ್ನು ಬಿಗಿ-ಸಡಿಲ ಮಾಡುವ ಕೀಗಳು ಸವೆದು ಶ್ರುತಿ ಹಿಡಿಯದಂತಾದಾಗ ಅವನ್ನು ತೆಗೆದು, ಗಿಯರ್ ಒಳಗೇ ಮುಚ್ಚಿರುವ ಹೊಸ ಮಾದರಿಯ ಕೀಗಳನ್ನು ಕೂರಿಸುವುದು ಅವುಗಳಲ್ಲಿ ಪದೇ ಪದೇ ಬರುವ ಕೆಲಸ. ಹಳೆಯ ಮಾದರಿಗೆ ಗಿಟಾರಿನ ತಲೆಯಲ್ಲಿ ಸಾಮಾನ್ಯವಾಗಿ 8.5 ಮಿ.ಮೀ. ಆಸುಪಾಸಿನ ತೂತು ಇರುತ್ತದೆ, ಹೊಸದಕ್ಕೆ 10 ಮಿ.ಮೀ. ಬೇಕು. ಅಂದರೆ ಸುತ್ತಲೂ ತೆಗೆಯಬೇಕಾದದ್ದು ಮುಕ್ಕಾಲು ಮಿಲಿಮೀಟರ್ ಕಟ್ಟಿಗೆ ಮಾತ್ರ. ಇಷ್ಟೇ ತಾನೇ ಎಂದುಕೊಂಡು ನಾನು ಕೈಡ್ರಿಲ್ಲಿಗೆ 10ರ ಬಿಟ್ ಹಾಕಿದೆ.

ತೂತಿಲ್ಲದ ಕಟ್ಟಿಗೆಯಲ್ಲಿ ಬಿಟ್ಟಿನ ಮೊನೆ ನಡುವೆ ನೆಟ್ಟು ದಾರಿ ತೋರಿಸುತ್ತದೆ. ಆಗಲೇ ತೂತಿರುವಲ್ಲಿ ಮೊನೆ ಗಾಳಿಯಲ್ಲಿ ತೂಗುತ್ತದೆ. ಅಂಚಿನ ಎರಡು ಹಲ್ಲುಗಳಷ್ಟೇ ಕಟ್ಟಿಗೆಯನ್ನು ಕಚ್ಚಿ, ತಿರುಪಿನಂತೆ ತಮ್ಮನ್ನು ತಾವೇ ಒಳಗೆ ಎಳೆದುಕೊಳ್ಳುತ್ತವೆ. ನನ್ನ ಕೈಯಲ್ಲಿ ಆದದ್ದೂ ಅದೇ. ಉಗುರಿನಷ್ಟು ಪಾಲಿಶ್ ಎದ್ದುಹೋಯಿತು, ನಾರಿನ ಗುಂಟ ಪಕ್ಕದ ತೂತಿನವರೆಗೆ ಕೂದಲೆಳೆಯಂಥ ಸೀಳು ಬಿತ್ತು. ಹಾರ್ಮೋನಿಯಂ ಕೆಲಸದಲ್ಲೇ ತಲೆ ನೆರೆತ ನಮ್ಮ ಅಂಗಡಿಯ ಕಾಕಾ ಬಂದು ನೋಡಿ, "ತಮ್ಮಾ, ಇದ್ದ ತೂತಿಗೆ ಡ್ರಿಲ್ ಯಾಕ ಹಿಡದಿ? ಕೆರಕೋತ ಹೋಗಬೇಕಿತ್ತು" ಎಂದರು.

ಕೆರೆಯುವುದಕ್ಕೆ ಇರುವುದು ಮೊನೆಯತ್ತ ಸಣ್ಣದಾಗುತ್ತ ಹೋಗುವ ಕೈ ರೀಮರ್. ಉದ್ಯಮಬಾಗದ ಯಂತ್ರ ಕಾರ್ಖಾನೆಗಳಿರುವ ಈ ಊರಿನಲ್ಲಿ ಅದು ಸಿಗುವುದು ಕಷ್ಟವಲ್ಲ. ಈಗ ನಾನು ಮೊದಲು ಹೊಸ ಕೀಯ ಕೊಳವೆಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯುತ್ತೇನೆ. ಡಬ್ಬಿಯ ಮೇಲಿನ ಅಂಕಿಯನ್ನು ನಂಬುವುದಿಲ್ಲ. ತೂತಿನ ಬಾಯಿಗೆ ಕೂರಿಸಿದ ಹಳೆಯ ಲೋಹದ ಬಳೆ ಪಾಲಿಶಿಗೆ ಅಂಟಿಕೊಂಡಿದ್ದರೆ ಬೆಸುಗೆ ಕಡ್ಡಿಯಿಂದ ತುಸು ಬಿಸಿ ಮಾಡಿ, ಹಿಂದಿನಿಂದ ಕಟ್ಟಿಗೆಯ ಕಡ್ಡಿಯಲ್ಲಿ ಮೆಲ್ಲಗೆ ತಳ್ಳುತ್ತೇನೆ. ರೀಮರಿನ ದಪ್ಪ 10 ಮಿ.ಮೀ. ಆಗುವ ಜಾಗಕ್ಕೆ ಟೇಪು ಸುತ್ತಿ, ಬಲಕ್ಕೆ ಮಾತ್ರ, ಒತ್ತಡವಿಲ್ಲದೆ ತಿರುಗಿಸುತ್ತೇನೆ. ಎಡಕ್ಕೆ ತಿರುಗಿಸಿದರೆ ಅದರ ಅಲಗು ಮೊಂಡಾಗುತ್ತದೆ. ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಪುಡಿ ಊದಬೇಕು. ಒಂದೇ ಕಡೆಯಿಂದ ಕೆರೆದರೆ ತೂತು ಆಲಿಕೆಯಂತಾಗುವುದರಿಂದ ಅರ್ಧ ಮುಂದಿನಿಂದ, ಅರ್ಧ ಹಿಂದಿನಿಂದ ಕೆರೆಯುತ್ತೇನೆ. ಆಗ ನಡುವೆ ಉಳಿಯುವ ಸಣ್ಣ ದಿಂಡನ್ನು, ದುಂಡು ಕಡ್ಡಿಗೆ ಸುತ್ತಿದ ಉಜ್ಜುಕಾಗದದಿಂದ ತೆಗೆಯುತ್ತೇನೆ. ಪ್ರತಿ ತೂತಿಗೂ ಕೀಯನ್ನೇ ಇಟ್ಟು ನೋಡುತ್ತೇನೆ. ಬೆರಳಿನ ಬಲಕ್ಕೆ ಒಳಹೋಗಬೇಕು, ಸುತ್ತಿಗೆ ಬೇಡಬಾರದು. ಆರು ತೂತಿಗೆ ಒಂದು ತಾಸು ಹಿಡಿಯುತ್ತದೆ, ಗಿರಾಕಿ ಎದುರಿಗೆ ಕುಳಿತಿದ್ದರೆ ಅದು ಎರಡು ತಾಸಿನಂತೆ ಅನಿಸುತ್ತದೆ.

ಯಂತ್ರದಿಂದಲೇ ಮಾಡಬೇಕೆಂದರೆ ಹಳೆಯ ತೂತಿಗೆ ದುಂಡು ಕಟ್ಟಿಗೆಯ ಬೆಣೆ ಅಂಟಿಸಿ, ಒಣಗಿದ ಮೇಲೆ, ಕೆಳಗೆ ಹಲಗೆಯೊಂದನ್ನು ಬಿಗಿದು ಸ್ಟ್ಯಾಂಡಿನ ಡ್ರಿಲ್ಲಿನಲ್ಲಿ ಹೊಸದಾಗಿ ಕೊರೆಯಬಹುದು. ಬಿಟ್ಟಿನ ಮೊನೆಗೆ ಆಗ ನಡುಭಾಗ ಸಿಗುತ್ತದೆ.

ಸೀಳಿದ ಆ ಗಿಟಾರು ಕ್ಯಾಂಪಿನ ಚರ್ಚಿನಲ್ಲಿ ಹಾಡುವ ಹುಡುಗನದು. ಸೀಳಿಗೆ ತೆಳುವಾದ ಅಂಟನ್ನು ಇಳಿಸಿ, ಕ್ಲ್ಯಾಂಪು ಬಿಗಿದು, ಒಂದು ಇಡೀ ದಿನ ಬಿಟ್ಟು, ಕೂಲಿ ತೆಗೆದುಕೊಳ್ಳದೆ ಮರಳಿಸಿದೆ. ತಂತಿ ಬದಲಿಸಲು ಅವನು ಈಗಲೂ ಬರುತ್ತಾನೆ. ನಾನು ಮೊದಲು ಹೆಬ್ಬೆರಳನ್ನು ಅದೇ ಗೆರೆಯ ಮೇಲೆ ಆಡಿಸಿ ನೋಡುತ್ತೇನೆ, ಈವರೆಗೆ ತೆರೆದುಕೊಂಡಿಲ್ಲ.