495 ರೂಪಾಯಿಯ ನೆಗಡಿ, 37 ರೂಪಾಯಿಯ ನೆಗಡಿ

ಶಿರಸಿಯ ಕಡೆಯ ನಮ್ಮ ಊರಿನಲ್ಲಿ ಅದಕ್ಕೆ ಶೀತ ಎನ್ನುತ್ತೇವೆ. ಎಂ.ಎ. ಓದಲು ಧಾರವಾಡಕ್ಕೆ ಬಂದ ಮೇಲೆ ಅದೇ ನೆಗಡಿಯಾಯಿತು, ಗದಗದ ಕಡೆಯವನಾದ ಕೋಣೆಯ ಗೆಳೆಯನ ಬಾಯಲ್ಲಿ ಥಂಡಿಯಾಯಿತು. ಹೆಸರು ಯಾವುದಾದರೂ ಮೂಗು ಸೋರುವುದು ಒಂದೇ ರೀತಿ. ಆದರೆ 2014ರಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ ಹಾಸ್ಟೆಲಿನ ಅದೇ ಮಂಚದ ಮೇಲೆ ನಾನು ಅನುಭವಿಸಿದ ಎರಡು ನೆಗಡಿಗಳಲ್ಲಿ ಒಂದಕ್ಕೆ 495 ರೂಪಾಯಿ ಖರ್ಚಾಯಿತು, ಇನ್ನೊಂದಕ್ಕೆ 37 ರೂಪಾಯಿ. ವಾಸಿಯಾಗಲು ಎರಡೂ ತೆಗೆದುಕೊಂಡದ್ದು ಎಂಟೇ ದಿನ. ಆ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲನೆಯದು ಆಗಸ್ಟಿನಲ್ಲಿ ಬಂತು. ಧಾರವಾಡದ ಮಳೆ ನಮ್ಮ ಘಟ್ಟದ ಮೇಲಿನ ಮಳೆಯಂತೆ ಅಬ್ಬರಿಸುವುದಿಲ್ಲ. ಕೊಡೆ ಬಿಚ್ಚಲು ನಾಚಿಕೆಯಾಗುವಷ್ಟು ಸಣ್ಣಗೆ, ಆದರೆ ಹಗ್ಗಕ್ಕೆ ಹಾಕಿದ ಅಂಗಿ ಮೂರು ದಿನವಾದರೂ ಒಣಗದಷ್ಟು ಬಿಡದೆ, ಜಿಟಿಜಿಟಿ ಎಂದು ಸುರಿಯುತ್ತಿರುತ್ತದೆ. ಅದರಲ್ಲಿ ನೆನೆದದ್ದರಿಂದಲೇ ನೆಗಡಿಯಾಯಿತೆಂದು ನಾನು ಆಗ ನಂಬಿದ್ದೆ. ನೆಗಡಿಯನ್ನು ತರುವುದು ಮಳೆಯಲ್ಲ, ವೈರಸ್. ಅಂಥವು 200ಕ್ಕೂ ಹೆಚ್ಚು ಬಗೆಯವು ಇದ್ದು, ಅವುಗಳಲ್ಲಿ ರೈನೊವೈರಸ್ ಎಲ್ಲಕ್ಕಿಂತ ಸಾಮಾನ್ಯ. ಮಳೆಗೆ ಹೆದರಿ ಕಿಟಕಿ ಮುಚ್ಚಿಕೊಂಡು ಮೂರು ಜನ ಒಂದೇ ಕೋಣೆಯಲ್ಲಿ ಉಸಿರಾಡುತ್ತ, ಒಬ್ಬ ಮೂಗು ಒರೆಸಿಕೊಂಡ ಕೈಯಲ್ಲಿ ತಿರುಗಿಸಿದ ನಲ್ಲಿಯನ್ನು ಇನ್ನೊಬ್ಬ ತಿರುಗಿಸಿ ಅದೇ ಕೈಯನ್ನು ಕಣ್ಣಿಗೋ ಮೂಗಿಗೋ ಒಯ್ಯುತ್ತಿದ್ದೆವಲ್ಲ, ಹರಡುವುದಕ್ಕೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಎರಡನೆಯ ದಿನ ಗಂಟಲು ಕಟ್ಟಿ, ಮೈ ಬೆಚ್ಚಗಾದಾಗ ನನಗೆ ನಿಜವಾಗಿಯೂ ಭಯವಾಯಿತು. ಮನೆಯಲ್ಲಾದರೆ ಅಮ್ಮ ಹಣೆ ಮುಟ್ಟಿ ನೋಡಿ ಇದು ಏನೂ ಅಲ್ಲ ಎಂದುಬಿಡುತ್ತಿದ್ದಳು. ಇಲ್ಲಿ ಹಾಗೆ ಹೇಳುವವರು ಇರಲಿಲ್ಲ, ಶುಕ್ರವಾರ ಒಂದು ಕಿರುಪರೀಕ್ಷೆ ಬೇರೆ ಇತ್ತು. ಆಟೋ ಹಿಡಿದು ತುಸು ದೂರದ ಒಂದು ದವಾಖಾನೆಗೆ ಹೋದೆ. ಹೋಗಿ ಬರುವುದಕ್ಕೆ 60 ರೂಪಾಯಿ, ಡಾಕ್ಟರ ಫೀ 150, ಅಜಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ನ ಮೂರು ಮಾತ್ರೆಗಳಿಗೆ 66, ಕೆಮ್ಮಿನ ಸಿರಪ್ಪಿಗೆ 85, ನೆಗಡಿಯ ಮಾತ್ರೆಗೆ 36, ಶಕ್ತಿ ಬರಲೆಂದು ಬರೆದ ವಿಟಮಿನ್ ಕ್ಯಾಪ್ಸೂಲಿಗೆ 98. ಮೆಸ್ಸಿನ ಬಿಲ್ಲು ಕಟ್ಟಿದ ಮೇಲೆ ತಿಂಗಳ ಕೈಖರ್ಚಿಗೆಂದು ನನ್ನಲ್ಲಿ ಉಳಿಯುತ್ತಿದ್ದದ್ದೇ 600 ರೂಪಾಯಿ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಗಾದೆಯ ಮನುಷ್ಯನಿಗೂ ನನಗೂ ಹೆಚ್ಚು ದೂರವಿರಲಿಲ್ಲ.

ಇದರಲ್ಲಿ ಡಾಕ್ಟರರನ್ನು ಮಾತ್ರ ದೂರಿದರೆ ಅನ್ಯಾಯವಾಗುತ್ತದೆ. “ಬೇಗ ಕಡಿಮೆಯಾಗುವ ಹಾಗೆ ಸ್ವಲ್ಪ ಸ್ಟ್ರಾಂಗ್ ಮಾತ್ರೆ ಕೊಡಿ ಸರ್” ಎಂದು ಗೋಗರೆದವನು ನಾನೇ. ಆಂಟಿಬಯಾಟಿಕ್‌ಗಳು ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು, ನೆಗಡಿಯ ವೈರಸ್ಸಿಗೆ ಅವುಗಳಿಂದ ಏನೂ ಆಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಸುಮ್ಮಸುಮ್ಮನೆ ನುಂಗಿದಷ್ಟೂ ಮುಂದೆ ನಿಜವಾಗಿ ಬೇಕಾದಾಗ ಅವು ನಾಟದೆ ಹೋಗುವ ಅಪಾಯ ಹೆಚ್ಚುತ್ತದೆ ಎಂಬುದೂ ಗೊತ್ತಿರಲಿಲ್ಲ. ಸಿಂಬಳ ಹಳದಿಗೆ, ಹಸಿರಿಗೆ ತಿರುಗಿದ್ದನ್ನು ಕಂಡು ಸೋಂಕು ಜೋರಾಗಿದೆ ಎಂದು ಹೆದರಿದ್ದೆ; ಸಾಮಾನ್ಯ ನೆಗಡಿಯಲ್ಲಿಯೂ ಮೂರನೆಯ, ನಾಲ್ಕನೆಯ ದಿನಕ್ಕೆ ಹಾಗೆ ಬಣ್ಣ ತಿರುಗುವುದು ವಾಡಿಕೆ. ಅಜಿಥ್ರೋಮೈಸಿನ್ ನನ್ನ ನೆಗಡಿಯನ್ನು ಮುಟ್ಟದೆ ಹೊಟ್ಟೆಯನ್ನು ಮಾತ್ರ ಕೆಡಿಸಿತು. ನೆಗಡಿಯ ಮಾತ್ರೆಯ ಮಂಪರಿನಲ್ಲಿ ಶುಕ್ರವಾರದ ಪರೀಕ್ಷೆಯಲ್ಲಿ ಏನು ಬರೆದೆನೋ, ಉತ್ತರಪತ್ರಿಕೆ ತಿದ್ದಿದವರಿಗೇ ಗೊತ್ತು.

ಎರಡನೆಯ ನೆಗಡಿ ಡಿಸೆಂಬರಿನ ಚಳಿಯಲ್ಲಿ ಬಂತು, ಅದೂ ತಿಂಗಳ ಕೊನೆಯ ವಾರದಲ್ಲಿ. ಕಿಸೆಯಲ್ಲಿ 80 ರೂಪಾಯಿ ಇದ್ದುದರಿಂದ ಶಹಾಣತನ ತಾನಾಗಿ ಬಂತು. ಟ್ರಂಕಿನ ತಳದಲ್ಲಿ ಅಮ್ಮ ಜೂನಿನಲ್ಲೇ ತುಂಬಿಸಿ ಕೊಟ್ಟಿದ್ದ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದು ಪಂಚೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ಒಳಗಿದ್ದದ್ದು ಕಷಾಯದ ಪುಡಿ: ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಂದಿಷ್ಟು ಮೆಂತ್ಯ, ಒಣಶುಂಠಿ. ಆ ವರ್ಷ ಕಾಳುಮೆಣಸಿನ ಧಾರಣೆ ಕಿಲೋಗೆ 600 ರೂಪಾಯಿ ದಾಟಿತ್ತು. ಹಾಗಾಗಿ ನನ್ನ ಔಷಧದಲ್ಲಿ ಎಲ್ಲಕ್ಕಿಂತ ತುಟ್ಟಿಯಾದ ವಸ್ತುವೇ ನನಗೆ ಪುಕ್ಕಟೆಯಾಗಿ, ಅಪ್ಪನ ತೋಟದ ಅಡಿಕೆಮರಕ್ಕೆ ಹಬ್ಬಿದ ಬಳ್ಳಿಯಿಂದ ಬಂದಿತ್ತು. ಮುಚ್ಚಳ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಅದನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದಾಗ ಟಪ್ಪನೆ ಬಿಟ್ಟುಕೊಂಡು ಪುಡಿಯ ಧೂಳು ಮುಖಕ್ಕೆ ಹಾರಿತು; ಕಟ್ಟಿದ ಮೂಗಿಗೆ ವಾಸನೆ ತಿಳಿಯಲಿಲ್ಲವಾದರೂ ಆರೇಳು ಸೀನು ಒಂದರ ಹಿಂದೊಂದು ಬಂದವು.

ಕೋಣೆಯಲ್ಲಿ ನೀರು ಕಾಯಿಸುವ ಕಾಯಿಲ್ ಇಟ್ಟುಕೊಳ್ಳುವಂತಿರಲಿಲ್ಲ, ಸಿಕ್ಕಿಬಿದ್ದರೆ ದಂಡ. ಆದ್ದರಿಂದ ಫ್ಲಾಸ್ಕು ಹಿಡಿದು ಮೆಸ್ಸಿನ ಅಡುಗೆಮನೆಯ ಬಾಗಿಲಿಗೆ ಹೋಗಿ, “ಕಾಕಾ, ಸ್ವಲ್ಪ ಬಿಸಿನೀರು ಬೇಕಿತ್ತು” ಎಂದೆ. ಅವರು ನನ್ನ ಮೂಗು ನೋಡಿ, “ಥಂಡಿ ಹತ್ತೇತೇನು ತಮ್ಮಾ? ನೀರೊಂದ ಒಯ್ದು ಏನ್ ಮಾಡ್ತಿ, ಕೂಡ್ರಿಲ್ಲೆ” ಎಂದು ಒಂದು ಸ್ಟೀಲಿನ ಲೋಟದ ತುಂಬ ಕಟ್ಟಿನ ಸಾರು ಕೊಟ್ಟರು. ಬೇಳೆ ಬೇಯಿಸಿ ಬಸಿದ ಕಟ್ಟಿಗೆ ಹುಣಸೆಹುಳಿ, ಮಸಾಲೆ ಹಾಕಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟದ್ದು. ಲೋಟ ಹಿಡಿಯಲಾರದಷ್ಟು ಬಿಸಿಯಿದ್ದದ್ದರಿಂದ ಅಂಗಿಯ ತುದಿಯಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿದೆ. ಅರ್ಧ ಮುಗಿಯುವಷ್ಟರಲ್ಲಿ ಹಣೆ ಬೆವೆತು ಎಡಹೊಳ್ಳೆ ತೆರೆದುಕೊಂಡಿತು. ಮುಂದಿನ ಐದು ದಿನ ರಾತ್ರಿಯೂಟಕ್ಕೆ ಮೊದಲು ಅವರು ನನಗಾಗಿ ಒಂದು ಲೋಟ ಎತ್ತಿಡುತ್ತಿದ್ದರು, ಮೊಸರನ್ನು ಮಾತ್ರ ತಟ್ಟೆಗೆ ಬಡಿಸಲು ಒಪ್ಪುತ್ತಿರಲಿಲ್ಲ. ಹಾಲು ಮೊಸರಿನಿಂದ ಕಫ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವಂತೆ, ಆದರೆ ಪುಕ್ಕಟೆ ಸಾರು ಕೊಡುವವರ ಎದುರು ಆ ವಾದ ಹೂಡುವಷ್ಟು ಮೂರ್ಖ ನಾನಲ್ಲ.

ಅಂಗಡಿಯಲ್ಲಿ ಕೊಂಡದ್ದು ನಾಲ್ಕೇ ಸಾಮಾನು: ಕಾಲು ಕಿಲೋ ಬೆಲ್ಲಕ್ಕೆ 12 ರೂಪಾಯಿ, ಹಸಿಶುಂಠಿಗೆ 10, ಎರಡು ಲಿಂಬೆಹಣ್ಣಿಗೆ 5, 500 ಮಿಲಿಗ್ರಾಮಿನ ಹತ್ತು ಪ್ಯಾರಾಸಿಟಮಾಲ್ ಮಾತ್ರೆಗಳ ಒಂದು ಪಟ್ಟಿಗೆ 10. ಕಷಾಯವಾಗಲಿ ಶುಂಠಿಯಾಗಲಿ ವೈರಸ್ಸನ್ನು ಓಡಿಸುತ್ತದೆ ಎಂದು ನಾನು ಹೇಳುವುದಿಲ್ಲ. ಬಿಸಿಯಾದದ್ದೇನನ್ನಾದರೂ ಆಗಾಗ ಕುಡಿಯುತ್ತಿದ್ದರೆ ಗಂಟಲಿಗೆ ಹಿತವಾಗುತ್ತದೆ, ಮೈಯಲ್ಲಿ ನೀರು ಕಡಿಮೆಯಾಗುವುದಿಲ್ಲ, ಅಷ್ಟೇ ಅದರ ಕೆಲಸ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಗಂಟಲು ಮುಕ್ಕಳಿಸಿದೆ. ಖರ್ಚಿಲ್ಲದ ಉಪಚಾರಗಳಲ್ಲಿ ನನಗೆ ಹೆಚ್ಚು ಆರಾಮ ಕೊಟ್ಟದ್ದು ಅದೇ. ಹಬೆ ತೆಗೆದುಕೊಳ್ಳುವುದರಿಂದ ಮೂಗು ಕಾಲುಗಂಟೆ ಸಡಿಲವಾಗುತ್ತದೆ, ಆಮೇಲೆ ಯಥಾಸ್ಥಿತಿ. ಕುದಿಯುವ ನೀರಿನ ಪಾತ್ರೆಯನ್ನು ಮಂಚದ ಮೇಲಿಟ್ಟುಕೊಂಡು ಕಂಬಳಿ ಹೊದೆಯುವ ಹಾಸ್ಟೆಲಿನ ಪದ್ಧತಿಯಲ್ಲಿ ತೊಡೆ ಸುಟ್ಟುಕೊಳ್ಳುವ ಸಂಭವವೇ ಹೆಚ್ಚು; ಮಾಡಲೇಬೇಕೆಂದರೆ ಪಾತ್ರೆಯನ್ನು ನೆಲದ ಮೇಲೋ ಅಲ್ಲಾಡದ ಮೇಜಿನ ಮೇಲೋ ಇಡುವುದು ಲೇಸು.

ಪ್ಯಾರಾಸಿಟಮಾಲ್ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮೈಕೈ ನೋವಿಗೂ ಜ್ವರಕ್ಕೂ ಅದೊಂದೇ ಸಾಕಾಗುತ್ತದೆ. ಆದರೆ ಅಂಗಡಿಯವರು ನೆಗಡಿಗೆಂದು ಕೊಡುವ ಹಲವು ಮಿಶ್ರ ಮಾತ್ರೆಗಳಲ್ಲಿ ಅದು ಮೊದಲೇ ಸೇರಿರುತ್ತದೆ. ಪಟ್ಟಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದದೆ ಎರಡನ್ನೂ ನುಂಗಿದರೆ ಅರಿವಿಲ್ಲದೆ ದುಪ್ಪಟ್ಟು ಪ್ರಮಾಣ ಹೊಟ್ಟೆ ಸೇರುತ್ತದೆ. ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ಎಂಬುದು ದಾಟಬಾರದ ಮಿತಿ, ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ನನಗೆ ಎಂಟು ದಿನಗಳಲ್ಲಿ ಬೇಕಾದದ್ದು ಐದು ಮಾತ್ರೆ. ವಿಟಮಿನ್ ಕ್ಯಾಪ್ಸೂಲನ್ನು ಈ ಸಲ ಕೊಳ್ಳಲಿಲ್ಲ. ನೆಗಡಿ ಶುರುವಾದ ಮೇಲೆ ವಿಟಮಿನ್ ಸಿ ನುಂಗುವುದರಿಂದ ಹೇಳಿಕೊಳ್ಳುವಂಥ ಲಾಭವೇನೂ ಕಂಡುಬಂದಿಲ್ಲ.

ಅಗ್ಗದ ಹಟಕ್ಕೂ ಒಂದು ಗೆರೆ ಇರಬೇಕು. ಜ್ವರ ಮೂರು ದಿನವಾದರೂ ಇಳಿಯದಿದ್ದರೆ, ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ, ಕಡಿಮೆಯಾದ ಕಾಯಿಲೆ ಮತ್ತೆ ಏರಿದರೆ, ಸಾಲ ಮಾಡಿಯಾದರೂ ಡಾಕ್ಟರ ಬಳಿ ಹೋಗಬೇಕು. ಅಸ್ತಮಾ ಇರುವವರು ಅಷ್ಟು ದಿನ ಕಾಯಲೂ ಬಾರದು. ಮಳೆಗಾಲದಲ್ಲಿ ಮೂಗು ಸೋರದೆ ಬರೀ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಕೀಲುನೋವು ಬಂದರೆ ಅದು ಡೆಂಗ್ಯೂ ಆಗಿರಬಹುದು. ಆಗ ಐಬುಪ್ರೊಫೆನ್, ಆಸ್ಪಿರಿನ್ ತರಹದ ನೋವಿನ ಮಾತ್ರೆಗಳನ್ನು ಮುಟ್ಟದೆ ರಕ್ತಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಯ ಚೀಟಿಗೆ ಹೆಚ್ಚೇನೂ ಆಗುವುದಿಲ್ಲ, ಬರೆದುಕೊಟ್ಟ ಔಷಧ ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಬ್ರಾಂಡಿನ ಬೆಲೆಗಿಂತ ಸಾಕಷ್ಟು ಕಡಿಮೆಗೆ ಸಿಗುತ್ತದೆ.

ಐದನೆಯ ದಿನ ಅಮ್ಮನಿಗೆ ಫೋನು ಮಾಡಿದಾಗ ದನಿ ಕೇಳಿಯೇ ಗುರುತಿಸಿದಳು. ಆಸ್ಪತ್ರೆಗೆ ಹೋದೆಯಾ ಎಂದು ಕೇಳಲಿಲ್ಲ. “ಪುಡಿ ಖಾಲಿ ಆತನ ತಮಾ?” ಎಂದಷ್ಟೇ ಕೇಳಿದಳು. ಖಾಲಿಯಾಗುವುದರಲ್ಲಿತ್ತು, ಏಕೆಂದರೆ ಅಷ್ಟರಲ್ಲಿ ಗದಗದ ಗೆಳೆಯನೂ ಸೀನತೊಡಗಿದ್ದ. ನನ್ನ ಕಷಾಯವನ್ನು ಮುಖ ಕಿವಿಚಿಕೊಂಡು ಕುಡಿದು, “ಇದನ್ನ ದಿನಾ ಕುಡೀತೀರೇನಲೇ ನೀವು?” ಎಂದ. ಅದರ ಋಣಕ್ಕೆಂದು ಮನೆಯಿಂದ ತಂದಿದ್ದ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಡಬ್ಬಿಯನ್ನು ನನ್ನತ್ತ ಸರಿಸಿದ. ಮೂರು ದಿನ ಅದನ್ನು ರೊಟ್ಟಿಗೆ ಹಚ್ಚಿ ತಿಂದರೂ ನನಗೆ ಖಾರದ ಹೊರತು ಏನೂ ತಿಳಿಯಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಂತೆ, ಇನ್ನೂ ತುತ್ತು ಮುರಿಯುವ ಮೊದಲೇ, ಬೆಳ್ಳುಳ್ಳಿಯ ವಾಸನೆ ಘಮ್ಮೆಂದು ಮೂಗಿಗೆ ಬಂತು.