ಫೋಟೋಗೆ ಮೊದಲು ಇಂಡಿಯಾ ಗೇಟ್ ಓದಿ

ನಮ್ಮ ಇತಿಹಾಸ ವಿಭಾಗದ ದೆಹಲಿ ಪ್ರವಾಸದ ಪಟ್ಟಿಯಲ್ಲಿ ಇಂಡಿಯಾ ಗೇಟಿಗೆ ಅರ್ಧ ಗಂಟೆ ಇರುತ್ತಿತ್ತು. ಮೇಷ್ಟ್ರು ಅದನ್ನು ಅರ್ಧ ದಿನ ಮಾಡಿಬಿಡುತ್ತಿದ್ದರು. ಅವರು ನೋಡಲು ಕಲಿಸಿದ ಕ್ರಮಕ್ಕೆ ಈಚಿನದನ್ನೂ ಸೇರಿಸಿ, ಮುಂದೆ ಹೋಗುವವರಿಗೆಂದು ಬರೆದಿಡುತ್ತಿದ್ದೇನೆ.

ಮೊದಲು ನೆತ್ತಿಯ ಶಾಸನ ಓದಿ. 42 ಮೀಟರ್ ಎತ್ತರದ ಕಮಾನು, ಬರಿಗಣ್ಣು ಸಾಲದು, ದುರ್ಬೀನು ಬೇಕು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಮೆಸಪೊಟೇಮಿಯ, ಗ್ಯಾಲಿಪೊಲಿ ಮುಂತಾದೆಡೆ ಮಡಿದ ಬ್ರಿಟಿಷ್ ಭಾರತದ ಸೈನಿಕರಿಗೆಲ್ಲ ಇದು ಸ್ಮಾರಕ. ಆದರೆ ಗೋಡೆಯ ಮೇಲಿನ 13,000ಕ್ಕೂ ಹೆಚ್ಚು ಹೆಸರುಗಳು ಮುಖ್ಯವಾಗಿ ವಾಯವ್ಯ ಗಡಿಯಲ್ಲಿ ಮತ್ತು 1919ರ ಮೂರನೇ ಆಫ್ಘನ್ ಯುದ್ಧದಲ್ಲಿ ಸತ್ತವರವು. ಎಲ್ಲರೂ ಎಡವುವುದು ಇಲ್ಲೇ. 1971ರ ಪಾಕ್ ಯುದ್ಧದ ಯೋಧರ ಹೆಸರು ಹುಡುಕುತ್ತಾರೆ, ಸಿಗುವುದಿಲ್ಲ. ಅದೇ ಮಹಾಯುದ್ಧದಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ನೆನಪಿಗೆ ತೀನ್ ಮೂರ್ತಿ ವೃತ್ತಕ್ಕೇ ಹೋಗಬೇಕು. ಅಲ್ಲಿನ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮದು.

ಇದರ ವಾಸ್ತುಶಿಲ್ಪಿ ಲಟ್ಯನ್ಸ್, ಕಮಾನಿನ ತುದಿಯಲ್ಲಿ ಬೋಗುಣಿಯೊಂದನ್ನು ಇಟ್ಟಿದ್ದ, ವಿಶೇಷ ದಿನಗಳಲ್ಲಿ ಎಣ್ಣೆ ಉರಿಸಲೆಂದು. ಅದು ಉರಿದದ್ದು ಅಪರೂಪ. 1931ರಲ್ಲಿ ಉದ್ಘಾಟನೆಯಾದ ಈ ಸ್ಮಾರಕಕ್ಕೆ ನಿತ್ಯದ ಬೆಂಕಿ ಬಂದದ್ದು 1972ರ ಜನವರಿ 26ರಂದು, 1971ರಲ್ಲಿ ಮಡಿದವರ ನೆನಪಿನ ಅಮರ್ ಜವಾನ್ ಜ್ಯೋತಿಯಾಗಿ, ಅದೂ ಕೆಳಗೆ, ಕಮಾನಿನಡಿ. ಆಗ ಅಲ್ಲಿದ್ದದ್ದು ಕಪ್ಪು ಅಮೃತಶಿಲೆಯ ಪೀಠ, ತಲೆಕೆಳಗಾದ ಬಂದೂಕು, ಅದರ ಮೇಲೆ ಹೆಲ್ಮೆಟ್. ನಾಲ್ಕು ಮೂಲೆಗೆ ನಾಲ್ಕು ಜ್ವಾಲೆಪಾತ್ರೆ. ಒಂದು ಸದಾ ಉರಿಯುತ್ತಿತ್ತು, ರಾಷ್ಟ್ರೀಯ ಹಬ್ಬಗಳಂದು ನಾಲ್ಕೂ. ಮೊದಲು ಎಲ್‌ಪಿಜಿ ಸಿಲಿಂಡರ್, 2006ರಿಂದ ಕೊಳವೆ ಗ್ಯಾಸು. ಬೆಂಕಿ ಒಬ್ಬರಿಗೆ, ಗೋಡೆಯ ಹೆಸರು ಇನ್ನೊಬ್ಬರದು ಎಂಬ ಕೊರತೆ ಮಾತ್ರ ಹಾಗೇ ಉಳಿಯಿತು. 2019ರ ಫೆಬ್ರವರಿಯಲ್ಲಿ ಪಕ್ಕದಲ್ಲೇ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. 2022ರ ಜನವರಿ 21ರಂದು ಜ್ವಾಲೆಯನ್ನು ಅಲ್ಲಿಯ ಜ್ವಾಲೆಯಲ್ಲಿ ಸೇರಿಸಿದರು. ನನಗದು ಸರಿ ಎನಿಸುತ್ತದೆ. ಆದರೆ ಹಳೆಯ ಕಮಾನನ್ನು ವಸಾಹತಿನ ಗುರುತೆಂದು ತಳ್ಳಿಹಾಕುವ ಮಾತು ಒಪ್ಪುವಂಥದಲ್ಲ. ಗೋಡೆಯಲ್ಲಿರುವ ಬಹುತೇಕರು ನಮ್ಮ ಹಳ್ಳಿಗಾಡಿನವರೇ.

ಜನರಂತೂ ಯಾರ ಅಪ್ಪಣೆಗೂ ಕಾಯಲಿಲ್ಲ. ಸುತ್ತಲಿನ ಹುಲ್ಲುಹಾಸು ಐಸ್‌ಕ್ರೀಮು, ಕಡಲೆಕಾಯಿಯ ಜಾಗವಾಯಿತು. 2012ರ ಡಿಸೆಂಬರ್‌ನಲ್ಲಿ ಹೆಣ್ಣುಮಕ್ಕಳ ಸುರಕ್ಷತೆಗಾಗಿ ಸಾವಿರಾರು ಯುವಜನ ಅಲ್ಲೇ ಸೇರಿದರು.

ಪೂರ್ವಕ್ಕಿರುವ ಮಂಟಪವನ್ನು ಬಿಡಬೇಡಿ. ಅಲ್ಲಿದ್ದ ಬ್ರಿಟಿಷ್ ರಾಜ ಐದನೇ ಜಾರ್ಜ್‌ನ ಪ್ರತಿಮೆಯನ್ನು 1968ರಲ್ಲಿ ತೆಗೆದು ಕಾರೊನೇಷನ್ ಪಾರ್ಕಿಗೆ ಸಾಗಿಸಿದ ಮೇಲೆ ಅರ್ಧ ಶತಮಾನ ಖಾಲಿ ಬಿದ್ದಿತ್ತು. 2022ರ ಸೆಪ್ಟೆಂಬರ್ 8ರಿಂದ ಅಲ್ಲಿ 28 ಅಡಿಯ ನೇತಾಜಿ ಇದ್ದಾರೆ. 280 ಟನ್ನಿನ ಗ್ರಾನೈಟ್ ಬಂಡೆಯನ್ನು ಕಡೆದು 65 ಟನ್ನಿಗಿಳಿಸಿದ ಶಿಲ್ಪಿಗಳ ತಂಡಕ್ಕೆ ಮುಂದಾಳು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ರಾಜನಿಗಾಗಿ ಕಾದಾಡಿದವರ ಕಮಾನು, ಎದುರಿಗೇ ಆ ಸಾಮ್ರಾಜ್ಯದ ವಿರುದ್ಧ ಸೇನೆ ಕಟ್ಟಿದವರ ಪ್ರತಿಮೆ!

ಹೊಸ ಸ್ಮಾರಕದ ತ್ಯಾಗ ಚಕ್ರವೆಂಬ ವೃತ್ತಾಕಾರದ ಗೋಡೆಗಳಲ್ಲಿ ಒಂದೊಂದು ಗ್ರಾನೈಟ್ ಫಲಕಕ್ಕೆ ಒಬ್ಬೊಬ್ಬ ಯೋಧ, 25,000ಕ್ಕೂ ಮಿಕ್ಕಿ. ನಿಮ್ಮೂರಿನ ಹುತಾತ್ಮರನ್ನು ಹುಡುಕುವುದಾದರೆ ಹೆಸರೊಂದೇ ಸಾಲದು, ಒಂದೇ ಹೆಸರಿನವರು ಹಲವರಿರುತ್ತಾರೆ. ಹೊರಡುವ ಮುನ್ನ ಮನೆಯವರಲ್ಲಿ ಕೇಳಿ ಸೇನಾ ಸಂಖ್ಯೆ, ರೆಜಿಮೆಂಟು, ವರ್ಷ ಬರೆದುಕೊಳ್ಳಿ.