ಈಮ್ಯಾಕ್ಸ್‌ನಲ್ಲಿ ಬಗ್ ಕಂಡರೆ ಏನು ಬರೆಯಬೇಕು?

ಈಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್ ಬಳಸಲು ಶುರು ಮಾಡಿದ ಗೆಳೆಯರು ಮತ್ತೆ ಮತ್ತೆ ಕೇಳುವುದು ಇದನ್ನೇ: "ಏನೋ ತಪ್ಪಾಗಿ ಕೆಲಸ ಮಾಡ್ತಿದೆ. ಯಾರಿಗೆ ಹೇಳೋದು? ನಾನು ಪ್ರೋಗ್ರಾಮರ್ ಅಲ್ಲ, ನನ್ನ ಮಾತು ಕೇಳ್ತಾರಾ?" ಕೇಳುತ್ತಾರೆ. ಆದರೆ ಏನು ಬರೆಯುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಯಾರಿಗೆ ಎಂಬುದು ಸುಲಭ. ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ 'ರಿಪೋರ್ಟ್-ಈಮ್ಯಾಕ್ಸ್-ಬಗ್' ಎಂಬ ಆಜ್ಞೆ ಕೊಡಿ. ಇಮೇಲ್ ಬರೆಯುವ ಪುಟ ತೆರೆಯುತ್ತದೆ. ನಿಮ್ಮ ಆವೃತ್ತಿ, ಚಾಲೂ ಇರುವ ಮೋಡ್‌ಗಳು ಇತ್ಯಾದಿ ವಿವರ ಅದರಲ್ಲಿ ತಾನಾಗಿಯೇ ಸೇರಿರುತ್ತದೆ; ಅದನ್ನು ಅಳಿಸಬೇಡಿ. ಕಳುಹಿಸಿದ ಮೇಲೆ ಈಮ್ಯಾಕ್ಸ್ ರೂಪಿಸುವ ಗ್ನೂ ಯೋಜನೆಯ ಡೆಬ್‌ಬಗ್ಸ್ ಎಂಬ ದೂರು ದಾಖಲಿಸುವ ವ್ಯವಸ್ಥೆ ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಪತ್ರವನ್ನು ಯಾರು ಬೇಕಾದರೂ ಓದಬಹುದು, ಹಾಗಾಗಿ ಕಚೇರಿಯ ಗುಟ್ಟು, ಪಾಸ್‌ವರ್ಡ್ ಒಳಗೆ ಉಳಿಯದಂತೆ ನೋಡಿಕೊಳ್ಳಿ.

ಬರೆಯುವ ಮೊದಲು 'ಈಮ್ಯಾಕ್ಸ್ -ಕ್ಯೂ' ಎಂದು (ಕ್ಯೂ ದೊಡ್ಡಕ್ಷರದಲ್ಲಿ) ಶುರು ಮಾಡಿ ನೋಡಲೇಬೇಕು. ಆಗ ನಿಮ್ಮ ಸ್ವಂತ ಸೆಟ್ಟಿಂಗ್ ಯಾವುದೂ ಲೋಡ್ ಆಗುವುದಿಲ್ಲ. ತೊಂದರೆ ಅಲ್ಲಿ ಕಾಣಿಸದಿದ್ದರೆ ಮೂಲ ನಿಮ್ಮ ಇನಿಟ್ ಫೈಲಿನಲ್ಲೋ (ನಿಮ್ಮ ಸೆಟ್ಟಿಂಗ್‌ಗಳಿರುವ ಫೈಲ್) ಹೊರಗಿನಿಂದ ಹಾಕಿಕೊಂಡ ಪ್ಯಾಕೇಜಿನಲ್ಲೋ ಇರುವ ಸಂಭವ ಹೆಚ್ಚು. ಇನಿಟ್ ಫೈಲಿನ ಅರ್ಧ ತೆಗೆದು ನೋಡಿ, ಉಳಿದದ್ದರಲ್ಲಿ ಮತ್ತೆ ಅರ್ಧ. ಹೀಗೆ ಹೋದರೆ ತಪ್ಪಿನ ಸಾಲು ಬೇಗ ಸಿಗುತ್ತದೆ. '-ಕ್ಯೂ' ಕೊಟ್ಟು ಶುರು ಮಾಡಿದಾಗಲೂ ತೊಂದರೆ ಕಾಣಿಸಿದರೆ, ಖಾಲಿ ಎಡಿಟರ್‌ನಿಂದ ಹಿಡಿದು ತಪ್ಪು ಕಾಣುವವರೆಗೆ ಒತ್ತಿದ ಪ್ರತಿ ಕೀಲಿಯನ್ನೂ ಕ್ರಮವಾಗಿ ಬರೆಯಿರಿ. ಏನಾಯಿತು, ಏನಾಗಬೇಕಿತ್ತು, ಎರಡನ್ನೂ ಹೇಳಿ. "ಸರಿಯಾಗಿ ಬರ್ತಿಲ್ಲ" ಎಂದಷ್ಟೇ ಬರೆದರೆ ಓದುವವರಿಗೆ ಹಿಡಿಯಲು ಏನೂ ಇರುವುದಿಲ್ಲ. ಕಾರಣದ ಊಹೆ ಬೇಕಾದರೆ ಕೊನೆಗಿರಲಿ. ಕೈಪಿಡಿಯೂ ಮೊದಲು ಕೇಳುವುದು ಕಂಡ ಸಂಗತಿಯನ್ನೇ. ಎರರ್ ಬಂದರೆ 'ಟಾಗಲ್-ಡಿಬಗ್-ಆನ್-ಎರರ್' ಆಜ್ಞೆ ಕೊಟ್ಟು ಮತ್ತೆ ಮಾಡಿ, ಬರುವ ಬ್ಯಾಕ್‌ಟ್ರೇಸನ್ನು (ಎರರ್ ಬರುವವರೆಗೆ ಒಳಗೆ ನಡೆದ ಕರೆಗಳ ಪಟ್ಟಿ) ಪೂರ್ತಿ ಅಂಟಿಸಿ.

ಕನ್ನಡದ ವಿಷಯದಲ್ಲಿ ನಮ್ಮ ಜವಾಬ್ದಾರಿ ಇನ್ನೂ ದೊಡ್ಡದು. 2020ರಲ್ಲಿ ಬಂದ 27.1ರಿಂದ ಈಮ್ಯಾಕ್ಸ್ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸಬಲ್ಲದು. ಆದರೂ 'ಸ್ತ್ರೀ'ಯ ಒತ್ತು ಬೇರ್ಪಟ್ಟು ನಿಂತರೆ, 'ಅರ್ಕ'ದ ಅರ್ಕಾವೊತ್ತು ಎಲ್ಲೋ ಹೋದರೆ, ಕನ್ನಡ ಓದಲು ಬಾರದ ಡೆವಲಪರ್‌ಗೆ ಅದು ತಪ್ಪೆಂದೇ ತಿಳಿಯದು. ಆದ್ದರಿಂದ ಪದವನ್ನು ಪಠ್ಯವಾಗಿಯೇ ಕೊಡಿ, ಕಂಡದ್ದರ ಚಿತ್ರ ಕೊಡಿ, ಸರಿಯಾದ ರೂಪದ ಚಿತ್ರವನ್ನೂ ಪಕ್ಕದಲ್ಲಿಡಿ. ಕರ್ಸರನ್ನು ಆ ಅಕ್ಷರದ ಮೇಲಿಟ್ಟು 'ಡಿಸ್ಕ್ರೈಬ್-ಚಾರ್' ಆಜ್ಞೆ ಕೊಟ್ಟರೆ ಫಾಂಟಿನ ಹೆಸರು, ಯೂನಿಕೋಡ್ ಸಂಖ್ಯೆ ಸಿಗುತ್ತವೆ, ಅವೂ ಪತ್ರದಲ್ಲಿರಲಿ. ಅದೇ ಫಾಂಟಿನಲ್ಲಿ ಅದೇ ಪದ ಫೈರ್‌ಫಾಕ್ಸ್ ಅಥವಾ ಲಿಬ್ರೆಆಫೀಸ್‌ನಲ್ಲಿ ಹೇಗಿದೆ ನೋಡಿ. ಅಲ್ಲಿಯೂ ಕೆಟ್ಟಿದ್ದರೆ ಫಾಂಟನ್ನು ಮೊದಲು ಅನುಮಾನಿಸಬೇಕು, ಆಗ ದೂರು ಹೋಗಬೇಕಾದ್ದು ಬೇರೆಯವರಿಗೆ.

ಪತ್ರ ಸಾಧ್ಯವಾದರೆ ಇಂಗ್ಲಿಷಿನಲ್ಲಿರಲಿ, ನಿರ್ವಾಹಕರ ಬಳಿ ಸಾಮಾನ್ಯವಾಗಿ ಅನುವಾದಕರಿಲ್ಲ. ವ್ಯಾಕರಣದ ಅಂಜಿಕೆ ಬೇಡ, ಕೀಲಿಗಳ ಕ್ರಮ ಸರಿಯಿದ್ದರೆ ಸಾಕು. ಹೆಚ್ಚಿನ ವಿವರ ಕೇಳಿ ಯಾರಾದರೂ ಬರೆದರೆ ತಪ್ಪದೆ ಉತ್ತರಿಸಿ. ಉತ್ತರ ಬಾರದ ದೂರುಗಳನ್ನು ಸ್ವಲ್ಪ ಕಾಲ ಕಾದು ಮುಚ್ಚಿಬಿಡುತ್ತಾರೆ.